ಮಲೆನಾಡಿನಿಂದ ವೃಶ್ಚಿಕ ನೋಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಸಣ್ಣದೋ ದೊಡ್ಡದೋ ಒಂದು ಟೆಲಿಸ್ಕೋಪ್ ಇಟ್ಟುಕೊಂಡವರಿಗೆ ಇದು. ಚಂದ್ರ ಆಯ್ತು, ಶನಿಯ ಉಂಗುರ ಆಯ್ತು, ಗುರುವಿನ ನಾಲ್ಕು ಉಪಗ್ರಹ ಎಣಿಸಿದ್ದೂ ಆಯ್ತು, ಮುಂದೇನು ಅಂತ ಕೇಳುವವರು ಜಾಸ್ತಿ. ಮುಂದೆ ಇರುವುದು ಸೌರಮಂಡಲದ ಆಚೆಗಿನ ಮಸುಕು ವಸ್ತುಗಳು, ಅಂದರೆ ನಕ್ಷತ್ರಗುಚ್ಛಗಳು, ನೀಹಾರಿಕೆಗಳು. ಎಲ್ಲವನ್ನೂ ಹೇಳಲು ಹೊರಟರೆ ಮುಗಿಯುವುದಿಲ್ಲ. ಹಾಗಾಗಿ ಒಂದೇ ರಾಶಿ ಹಿಡಿದಿದ್ದೇನೆ.

ಇಷ್ಟೆಲ್ಲ ರಾಶಿಗಳಿರುವಾಗ ವೃಶ್ಚಿಕವೇ ಯಾಕೆ?

ನಾವಿರುವ ಜಾಗದಿಂದಾಗಿ. ಶಿವಮೊಗ್ಗ ಇರುವುದು ಹೆಚ್ಚುಕಡಿಮೆ 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿಂದ ವೃಶ್ಚಿಕದ ಕೆಂಪು ನಕ್ಷತ್ರ ಜ್ಯೇಷ್ಠಾ ದಕ್ಷಿಣದಲ್ಲಿ ಸುಮಾರು 50 ಡಿಗ್ರಿ ಎತ್ತರಕ್ಕೆ ಬರುತ್ತದೆ. ಬಾಲದ ತೀರಾ ಕೆಳಗಿನ ತಿರುವು ಕೂಡ 33 ಡಿಗ್ರಿ ಎತ್ತರ ಮುಟ್ಟುತ್ತದೆ. ಲಂಡನ್‌ನಲ್ಲಿ ಆ ತಿರುವು ಹುಟ್ಟುವುದೇ ಇಲ್ಲ. ನಾವು ಓದುವ ಗೈಡ್‌ಗಳಲ್ಲಿ ಹೆಚ್ಚಿನವು ಯುರೋಪು, ಅಮೆರಿಕದಲ್ಲಿ ಕೂತವರು ಬರೆದದ್ದು. ಅದರಲ್ಲಿ ವೃಶ್ಚಿಕದ ಬಾಲ ದಿಗಂತಕ್ಕೆ ತೀರಾ ಹತ್ತಿರ, ನೋಡುವುದು ಕಷ್ಟ ಅಂತ ಇದ್ದರೆ ಅದು ಅವರ ಕಷ್ಟ, ನಮ್ಮದಲ್ಲ.

ಮಸುಕು ವಸ್ತುಗಳ ಪ್ರಸಿದ್ಧ ಪಟ್ಟಿ ಮಾಡಿದ ಶಾರ್ಲ್ ಮೆಸಿಯೇ 18ನೇ ಶತಮಾನದಲ್ಲಿ ಪ್ಯಾರಿಸ್‌ನಿಂದ ನೋಡುತ್ತಿದ್ದವನು. ಅವನ ಪಟ್ಟಿಯ ಅತಿ ದಕ್ಷಿಣದ ವಸ್ತು ಎಂ 7, ಅಂದರೆ ಮೆಸಿಯೇ ಪಟ್ಟಿಯ ಏಳನೆಯದು, ಒಂದು ನಕ್ಷತ್ರಗುಚ್ಛ. ಅದು ಪ್ಯಾರಿಸ್‌ನಲ್ಲಿ ದಿಗಂತದಿಂದ ಆರು ಡಿಗ್ರಿ ಚಿಲ್ಲರೆ ಮಾತ್ರ ಮೇಲೇಳುತ್ತದೆ. ನಮಗೆ 41 ಡಿಗ್ರಿ. ಅದಕ್ಕಿಂತ ಕೆಳಗಿರುವ ಎಷ್ಟೋ ಚಂದದ ಗುಚ್ಛಗಳು ಅವನ ಪಟ್ಟಿಗೆ ಬರಲೇ ಇಲ್ಲ, ಯಾಕೆಂದರೆ ಅವನ ಊರಿನಲ್ಲಿ ಅವು ಹುಟ್ಟುವುದಿಲ್ಲ, ಹುಟ್ಟಿದರೂ ದಿಗಂತಕ್ಕೇ ಅಂಟಿಕೊಂಡಿರುತ್ತವೆ. ಮೆಸಿಯೇ ಪಟ್ಟಿ ಒಂದನ್ನೇ ಹಿಡಿದು ಹೊರಟವರು ವೃಶ್ಚಿಕದಲ್ಲಿ ಅರ್ಧ ಊಟಕ್ಕೇ ಎದ್ದು ಹೋಗುತ್ತಾರೆ.

ಯಾವ ತಿಂಗಳಲ್ಲಿ ನೋಡಬೇಕು? ಎಲ್ಲ ಕಡೆ ಜುಲೈ ಅಂತಿದೆಯಲ್ಲ?

ಜುಲೈ ಮರೆತುಬಿಡಿ. ಜುಲೈನಲ್ಲಿ ಮಲೆನಾಡಿನ ಆಕಾಶದಲ್ಲಿ ಏನಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾ?

ಇದರ ಹಿಂದೆ ಒಂದು ಲೆಕ್ಕ ಇದೆ, ನಮ್ಮ ರೈತರಿಗೆ ಗೊತ್ತಿರುವ ಲೆಕ್ಕವೇ. ಸೂರ್ಯ ರೋಹಿಣಿ ನಕ್ಷತ್ರದಲ್ಲಿದ್ದಾಗ ಬೀಳುವುದು ರೋಹಿಣಿ ಮಳೆ. ಅದು ಮೇ ಕೊನೆ, ಜೂನ್ ಮೊದಲ ವಾರ. ಆಕಾಶದಲ್ಲಿ ರೋಹಿಣಿಗೆ ಹೆಚ್ಚುಕಡಿಮೆ ನೇರ ಎದುರಿಗಿರುವುದು ಜ್ಯೇಷ್ಠಾ. ಅಂದರೆ ಸೂರ್ಯ ಮುಳುಗುತ್ತಿದ್ದ ಹಾಗೆ ವೃಶ್ಚಿಕ ಹುಟ್ಟಿ ರಾತ್ರಿಯಿಡೀ ಆಕಾಶದಲ್ಲಿರುವ ಕಾಲ ಯಾವುದೋ, ಅದೇ ಹೊತ್ತಿಗೆ ನಮ್ಮಲ್ಲಿ ಮಳೆ ಹಿಡಿಯುತ್ತದೆ. ಆಮೇಲೆ ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ ಅಂತ ಮಳೆಗಳು ಸಾಲಾಗಿ ಬರುತ್ತವೆ. ವೃಶ್ಚಿಕ ಸಂಜೆಯ ಆಕಾಶದಲ್ಲಿ ಎತ್ತರದಲ್ಲಿರುವ ಅಷ್ಟೂ ದಿನ ಮೋಡದ ಹಿಂದೆ ಕಳೆದುಹೋಗುತ್ತದೆ.

ಹಾಗಾಗಿ ನಮ್ಮ ಸೀಸನ್ ಫೆಬ್ರವರಿ ಕೊನೆಯಿಂದ ಮೇ ಮಧ್ಯದವರೆಗೆ, ಮತ್ತು ಬೆಳಗಿನ ಜಾವ. ನಿದ್ದೆ ಕೆಡಿಸಿಕೊಳ್ಳುವುದು ತಪ್ಪಿದ್ದಲ್ಲ. ಜ್ಯೇಷ್ಠಾ ಮಾರ್ಚ್ 1ಕ್ಕೆ ರಾತ್ರಿ ಒಂದು ಗಂಟೆ ಸುಮಾರಿಗೆ ಹುಟ್ಟುತ್ತದೆ, ಏಪ್ರಿಲ್ 1ಕ್ಕೆ ಹನ್ನೊಂದು, ಮೇ 1ಕ್ಕೆ ಒಂಬತ್ತು. ಬಾಲ ಹುಟ್ಟಲು ಅದಾದ ಮೇಲೆ ಇನ್ನೂ ಒಂದೂಕಾಲು ಗಂಟೆ ಬೇಕು. ಹುಟ್ಟಿದ ತಕ್ಷಣ ನೋಡಬೇಡಿ, ಮೇಲೆ ಬರಲು ಬಿಡಿ. ಏಪ್ರಿಲ್ ಮಧ್ಯದಲ್ಲಿ ಜ್ಯೇಷ್ಠಾ ನೇರ ದಕ್ಷಿಣಕ್ಕೆ ಬರುವುದು ಬೆಳಗಿನ ಜಾವ ಮೂರೂವರೆಗೆ, ಬಾಲದ ತುದಿ ಅದಾಗಿ ಒಂದು ಗಂಟೆ ಕಳೆದು. ಎರಡಕ್ಕೆ ಎದ್ದು ನಾಲ್ಕೂವರೆಗೆ ಮುಗಿಸಿದರೆ ಇಡೀ ಚೇಳು ನೋಡಿದ ಹಾಗಾಗುತ್ತದೆ.

ನನ್ನ ಮಟ್ಟಿಗೆ ಅತಿ ಒಳ್ಳೆಯ ಆಕಾಶ ಸಿಗುವುದು ಮಾರ್ಚ್, ಏಪ್ರಿಲ್‌ನಲ್ಲಿ ಒಂದು ಗುಡುಗು ಮಳೆ ಬಿದ್ದ ಮರುದಿನ. ಬೇಸಿಗೆಯಲ್ಲಿ ಸೊಪ್ಪಿನ ಬೆಟ್ಟದ ಬೆಂಕಿ, ಕಾಳ್ಗಿಚ್ಚು, ರಸ್ತೆಯ ಧೂಳು ಎಲ್ಲ ಸೇರಿ ದಕ್ಷಿಣ ದಿಗಂತ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಒಂದು ಅಡ್ಡಮಳೆ ಅದನ್ನೆಲ್ಲ ತೊಳೆದು ಹಾಕುತ್ತದೆ. ಆ ರಾತ್ರಿ ಬಿಟ್ಟರೆ ಮತ್ತೆ ಯಾವಾಗ ಸಿಗುತ್ತದೋ.

ಮಳೆ ಮುಗಿದ ಮೇಲೆ ಸಿಗುವುದಿಲ್ಲವಾ?

ಸ್ವಲ್ಪ ಸಿಗುತ್ತದೆ. ಅಕ್ಟೋಬರ್ ಮೊದಲ ವಾರ ಸಂಜೆ ಏಳೂವರೆಗೆ ಜ್ಯೇಷ್ಠಾ ನೈಋತ್ಯದಲ್ಲಿ ಸುಮಾರು 25 ಡಿಗ್ರಿ ಎತ್ತರದಲ್ಲಿರುತ್ತದೆ, ಬಾಲ ಅದಕ್ಕಿಂತ ಸ್ವಲ್ಪ ಮೇಲೆ. ಒಂದೂವರೆ ಗಂಟೆ ಕೆಲಸ ಮಾಡಬಹುದು. ನವೆಂಬರ್ ಬಂದರೆ ತಲೆಯ ಭಾಗ ಹೋಯಿತು ಅಂತಲೇ ತಿಳಿಯಿರಿ.

ಆಕಾಶದಲ್ಲಿ ಗುರುತಿಸುವುದು ಹೇಗೆ?

ಚೇಳಿನ ಆಕಾರ ನಿಜವಾಗಿಯೂ ಕಾಣುವ ರಾಶಿ ಇದು. ದಕ್ಷಿಣಕ್ಕೆ ಮುಖ ಮಾಡಿ. ಕೆಂಪಗಿನ, ಎದ್ದು ಕಾಣುವ ನಕ್ಷತ್ರ ಜ್ಯೇಷ್ಠಾ. ಅದರ ಮೇಲೆ ಬಲಗಡೆ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿ ಮೂರು ನಕ್ಷತ್ರ, ಅದು ಅನೂರಾಧಾ. ಅದರಲ್ಲಿ ನಡುವಿನದು 2000ನೇ ಇಸವಿಯಿಂದ ಈಚೆಗೆ ಮೊದಲಿಗಿಂತ ಪ್ರಕಾಶಮಾನವಾಗಿದೆ, ಹಳೆಯ ನಕ್ಷೆಗೆ ತಾಳೆ ಆಗದಿದ್ದರೆ ಗಾಬರಿ ಬೇಡ. ಜ್ಯೇಷ್ಠಾದಿಂದ ಕೆಳಗೆ ಎಡಕ್ಕೆ ಇಳಿಯುತ್ತಾ ಹೋದರೆ ಅಡಿಕೆ ಕೀಳುವ ದೋಟಿಯ ತುದಿಯ ಹಾಗೆ ಒಂದು ಕೊಕ್ಕೆ ಬಾಗಿ ಮೇಲಕ್ಕೆ ತಿರುಗುತ್ತದೆ. ಅದೇ ಮೂಲಾ. ಕೊಕ್ಕೆಯ ತುದಿಯಲ್ಲಿ ಪಕ್ಕಪಕ್ಕದಲ್ಲಿ ಎರಡು ನಕ್ಷತ್ರ ಇವೆ, ಅದರಲ್ಲಿ ಜಾಸ್ತಿ ಹೊಳೆಯುವುದು ಶೌಲಾ. ಜ್ಯೇಷ್ಠಾ, ಶೌಲಾ ಎರಡನ್ನು ಗುರುತು ಹಿಡಿದರೆ ಉಳಿದದ್ದಕ್ಕೆಲ್ಲ ದಾರಿ ಸಿಕ್ಕಿತು.

ಮೂಲಾ ನಕ್ಷತ್ರ ನೋಡಬಾರದು ಅಂತ ಮನೆಯಲ್ಲಿ ಹೇಳ್ತಾರೆ.

ನೋಡಿ. ಏನೂ ಆಗುವುದಿಲ್ಲ.

ಎಷ್ಟು ದೊಡ್ಡ ಟೆಲಿಸ್ಕೋಪ್ ಬೇಕು?

ವೃಶ್ಚಿಕಕ್ಕೆ ಬೈನಾಕ್ಯುಲರ್ ಸಾಕಾಗುವ ವಸ್ತುಗಳೇ ಜಾಸ್ತಿ. 10x50 ಬೈನಾಕ್ಯುಲರ್ (10 ಪಟ್ಟು ವರ್ಧನೆ, 50 ಮಿಲಿಮೀಟರ್ ಲೆನ್ಸ್) ಇದ್ದರೆ ಇಲ್ಲಿ ಹೇಳುವ ಅರ್ಧಕ್ಕಿಂತ ಹೆಚ್ಚಿನದು ಕಾಣುತ್ತದೆ. 70 ಮಿಲಿಮೀಟರ್ ಲೆನ್ಸಿನ ಟೆಲಿಸ್ಕೋಪ್, 114 ಅಥವಾ 130 ಮಿಲಿಮೀಟರ್ ಕನ್ನಡಿಯ ನ್ಯೂಟೋನಿಯನ್ ಇದ್ದರೆ ಇನ್ನೂ ಒಳ್ಳೆಯದು. ಗೋಳಗುಚ್ಛಗಳನ್ನು, ಅಂದರೆ ಲಕ್ಷಗಟ್ಟಲೆ ಹಳೆಯ ನಕ್ಷತ್ರಗಳು ಉಂಡೆ ಕಟ್ಟಿಕೊಂಡ ಗುಚ್ಛಗಳನ್ನು, ಬಿಡಿಬಿಡಿ ನಕ್ಷತ್ರವಾಗಿ ನೋಡಬೇಕು ಅಂದರೆ ಮಾತ್ರ 8 ಇಂಚು ಕನ್ನಡಿಯ ಡಾಬ್ಸೋನಿಯನ್ (ನೆಲದ ಮೇಲಿನ ಸರಳ ಸ್ಟ್ಯಾಂಡಿನಲ್ಲಿ ಕೂರುವ ನ್ಯೂಟೋನಿಯನ್) ಬೇಕಾಗುತ್ತದೆ.

ಅಂಗಡಿಯವರು ಡಬ್ಬದ ಮೇಲಿನ 500 ಪಟ್ಟು, 600 ಪಟ್ಟು ತೋರಿಸುತ್ತಾರೆ. ಅದನ್ನು ನೋಡಿ ಕೊಳ್ಳಬೇಡಿ. ಮಸುಕು ವಸ್ತುಗಳಿಗೆ ಬೇಕಾದದ್ದು ಅಗಲವಾದ ಕನ್ನಡಿ ಮತ್ತು ಕಡಿಮೆ ವರ್ಧನೆ. ಟೆಲಿಸ್ಕೋಪಿನ ನಾಭಿದೂರವನ್ನು ಐಪೀಸಿನ, ಅಂದರೆ ಕಣ್ಣಿಡುವ ಕಡೆಯ ಲೆನ್ಸಿನ, ನಾಭಿದೂರದಿಂದ ಭಾಗಿಸಿದರೆ ವರ್ಧನೆ ಸಿಗುತ್ತದೆ. 1200 ಮಿಲಿಮೀಟರಿನ 8 ಇಂಚಿನ ಡಾಬ್‌ಗೆ 25 ಮಿಲಿಮೀಟರ್ ಐಪೀಸ್ ಹಾಕಿದರೆ 48 ಪಟ್ಟು. ಪ್ಲಾಸಲ್ ಎಂಬ ಸಾಮಾನ್ಯ ಬಗೆಯ ಐಪೀಸಿನಲ್ಲಿ ಆಗ ಕಾಣುವುದು ಆಕಾಶದ ಒಂದು ಡಿಗ್ರಿ ಚಿಲ್ಲರೆ, ಎರಡು ಹುಣ್ಣಿಮೆ ಚಂದ್ರ ಪಕ್ಕಪಕ್ಕ ಇಟ್ಟಷ್ಟು ಅಗಲ. ಎಂ 7 ಅಷ್ಟರೊಳಗೂ ಹಿಡಿಸುವುದಿಲ್ಲ!

ಮೊದಲ ರಾತ್ರಿ ಯಾವುದರಿಂದ ಶುರು ಮಾಡಲಿ?

ಎಂ 7 ಮತ್ತು ಎಂ 6. ಶೌಲಾದಿಂದ ಎಡಕ್ಕೆ, ಸ್ವಲ್ಪ ಮೇಲಕ್ಕೆ, ಐದು ಡಿಗ್ರಿಯೊಳಗೆ ಎಂ 7 ಇದೆ. ಕತ್ತಲ ಊರಿನಲ್ಲಿ ಬರಿಗಣ್ಣಿಗೇ ಬೆಳ್ಳಗಿನ ಮಚ್ಚೆಯಾಗಿ ಕಾಣುತ್ತದೆ. ಕ್ರಿ.ಶ. ಎರಡನೇ ಶತಮಾನದಲ್ಲೇ ಟಾಲೆಮಿ ಇದನ್ನು ದಾಖಲು ಮಾಡಿದ್ದಾನೆ. ದೂರ ಸುಮಾರು 1000 ಜ್ಯೋತಿರ್ವರ್ಷ. ಬೈನಾಕ್ಯುಲರ್‌ನಲ್ಲಿ ಇದರಷ್ಟು ಚಂದ ಕಾಣುವ ಗುಚ್ಛ ಇಡೀ ವೃಶ್ಚಿಕದಲ್ಲಿ ಇಲ್ಲ. ಟೆಲಿಸ್ಕೋಪಿನಲ್ಲಿ ವರ್ಧನೆ ಜಾಸ್ತಿ ಮಾಡಿದರೆ ಸುಮ್ನೆ ಅಲ್ಲೊಂದು ಇಲ್ಲೊಂದು ನಕ್ಷತ್ರ ಕಾಣುತ್ತದೆ, ಗುಚ್ಛವೇ ಕಳೆದುಹೋಗುತ್ತದೆ.

ಎಂ 6 ಅದರ ಮೇಲೆ ಬಲಕ್ಕೆ, ನಾಲ್ಕು ಡಿಗ್ರಿಯೊಳಗೆ. ಬೈನಾಕ್ಯುಲರ್‌ನಲ್ಲಿ ಎರಡೂ ಒಟ್ಟಿಗೆ ಸಿಗುತ್ತವೆ. ಇದು ಚಿಕ್ಕದು, ಸುಮಾರು 1600 ಜ್ಯೋತಿರ್ವರ್ಷ ದೂರ, ಹಾಗಾಗಿ ಟೆಲಿಸ್ಕೋಪಿಗೆ ಇದೇ ಒಳ್ಳೆಯದು. ಇದಕ್ಕೆ ಚಿಟ್ಟೆ ಗುಚ್ಛ ಅಂತ ಹೆಸರಿದೆ. 40 ಪಟ್ಟಿನಲ್ಲಿ ರೆಕ್ಕೆ ಬಿಚ್ಚಿದ ಹಾಗೆ ಸಾಲುಗಳು ಕಾಣುತ್ತವೆ, ಹುಡುಕಿದರೆ. ಆದರೆ ನನಗೆ ಇಷ್ಟವಾಗುವುದು ಒಂದು ರೆಕ್ಕೆಯ ಅಂಚಿನಲ್ಲಿರುವ ಕಿತ್ತಳೆ ಬಣ್ಣದ ನಕ್ಷತ್ರ. ಅದರ ಹೆಸರು ಬಿಎಂ ಸ್ಕಾರ್ಪಿ. ಸುತ್ತ ಎಲ್ಲವೂ ನೀಲಿ ಛಾಯೆಯ ಬಿಳಿ, ಇದೊಂದೇ ಬೇರೆ. ಇದರ ಬೆಳಕು ತಿಂಗಳುಗಟ್ಟಲೆ ಅವಧಿಯಲ್ಲಿ ಏರಿಳಿಯುತ್ತದೆ. ಮಾರ್ಚ್‌ನಲ್ಲಿ ಒಮ್ಮೆ, ಮೇನಲ್ಲಿ ಒಮ್ಮೆ ಪಕ್ಕದ ನಕ್ಷತ್ರಗಳ ಜೊತೆ ಹೋಲಿಸಿ ಬರೆದಿಡಿ, ವ್ಯತ್ಯಾಸ ಗೊತ್ತಾಗಬಹುದು.

ಎಂ 4 ಜ್ಯೇಷ್ಠಾದ ಪಕ್ಕದಲ್ಲೇ ಇದೆ ಅಂತಾರೆ. ನನಗೆ ಏನೂ ಕಾಣುತ್ತಿಲ್ಲ.

ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಜಾಗ ಸರಿಯಾಗಿಯೇ ಹಿಡಿದಿರುತ್ತೀರಿ, ನೋಡುವ ರೀತಿಯಲ್ಲಿ ಎಡವಟ್ಟು.

ಎಂ 4 ಜ್ಯೇಷ್ಠಾದಿಂದ ಪಶ್ಚಿಮಕ್ಕೆ 1.3 ಡಿಗ್ರಿ. ಪಟ್ಟಿಗಳಲ್ಲಿ ಇದರ ಕಾಂತಿಮಾನ (ಹೊಳಪಿನ ಅಳತೆ, ಅಂಕೆ ಕಡಿಮೆಯಾದಷ್ಟು ಹೊಳಪು ಜಾಸ್ತಿ) 6ರ ಆಸುಪಾಸು ಅಂತ ಇರುತ್ತದೆ, ಅದನ್ನು ನೋಡಿ ಸುಲಭ ಅಂದುಕೊಳ್ಳುತ್ತಾರೆ. ಆದರೆ ಆ ಬೆಳಕೆಲ್ಲ ಹೆಚ್ಚುಕಡಿಮೆ ಹುಣ್ಣಿಮೆ ಚಂದ್ರನಷ್ಟು ಅಗಲಕ್ಕೆ ಹರಡಿಕೊಂಡಿದೆ. ಆಕಾಶದಲ್ಲಿ ಸ್ವಲ್ಪ ಬೆಳಕಿದ್ದರೂ ಅದು ಕರಗಿಹೋಗುತ್ತದೆ. ಅದರ ಮೇಲೆ ಪಕ್ಕದಲ್ಲಿ ಜ್ಯೇಷ್ಠಾ ಕಣ್ಣು ಕುಕ್ಕುತ್ತಿರುತ್ತದೆ. ಮೊದಲು ಜ್ಯೇಷ್ಠಾವನ್ನು ಐಪೀಸಿನ ಮಧ್ಯಕ್ಕೆ ತನ್ನಿ, ಆಮೇಲೆ ಅದು ಅಂಚಿನಿಂದ ಪೂರ್ತಿ ಹೊರಗೆ ಹೋಗುವವರೆಗೆ ಪಶ್ಚಿಮಕ್ಕೆ ಸರಿಸಿ. ಈಗ ಎಂ 4 ಇರುವ ಜಾಗವನ್ನು ನೇರವಾಗಿ ದಿಟ್ಟಿಸಬೇಡಿ. ಸ್ವಲ್ಪ ಪಕ್ಕಕ್ಕೆ ನೋಡಿ, ಗಮನ ಮಾತ್ರ ಅಲ್ಲಿರಲಿ. ಕಣ್ಣಿನ ಪರದೆಯ ನಡುಭಾಗಕ್ಕೆ ಮಂದ ಬೆಳಕು ಗೊತ್ತಾಗುವುದಿಲ್ಲ, ಸುತ್ತಲಿನ ಭಾಗಕ್ಕೆ ಗೊತ್ತಾಗುತ್ತದೆ. ಓರೆನೋಟ ಅಂದರೆ ಇದೇ. ಟೆಲಿಸ್ಕೋಪನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೂ ಆಗುತ್ತದೆ, ಅಲುಗುವ ಮಸುಕನ್ನು ಕಣ್ಣು ಬೇಗ ಹಿಡಿಯುತ್ತದೆ.

ಒಮ್ಮೆ ಸಿಕ್ಕ ಮೇಲೆ ಬಿಟ್ಟು ಹೋಗಬೇಡಿ. 8 ಇಂಚಿನಲ್ಲಿ 100 ಪಟ್ಟಿಗೆ ಏರಿಸಿ ನೋಡಿದರೆ ಮಸುಕು ಒಡೆದು ಕಾಳುಕಾಳಾಗುತ್ತದೆ. ನಡುವೆ ಉತ್ತರ ದಕ್ಷಿಣವಾಗಿ ನಕ್ಷತ್ರಗಳ ಒಂದು ಪಟ್ಟಿ ಹಾದುಹೋಗಿದೆ, ಅದನ್ನು 1783ರಲ್ಲೇ ವಿಲಿಯಂ ಹರ್ಷೆಲ್ ಗುರುತು ಮಾಡಿದ್ದ. ಮೆಸಿಯೇಗೆ ಅವನ ಸಣ್ಣ ಟೆಲಿಸ್ಕೋಪಿನಲ್ಲಿ ಬಿಡಿ ನಕ್ಷತ್ರಗಳಾಗಿ ಒಡೆದು ಕಂಡ ಏಕೈಕ ಗೋಳಗುಚ್ಛ ಕೂಡ ಇದೇ. ಕಾರಣ ದೂರ: ಸುಮಾರು 6000 ಜ್ಯೋತಿರ್ವರ್ಷ, ಗೋಳಗುಚ್ಛಗಳಲ್ಲಿ ಇಷ್ಟು ಹತ್ತಿರ ಇರುವುದು ತೀರಾ ಕಡಿಮೆ.

ಎಂ 80 ಹೇಗೆ ಹುಡುಕುವುದು?

ಇದು ಸುಲಭ. ಜ್ಯೇಷ್ಠಾ ಮತ್ತು ಅನೂರಾಧಾದ ಮೂರರಲ್ಲಿ ಅತಿ ಉತ್ತರದ ನಕ್ಷತ್ರ, ಇವೆರಡರ ಸರಿ ಮಧ್ಯ. ಎಂ 4ಗಿಂತ ಐದು ಪಟ್ಟಿಗೂ ಹೆಚ್ಚು ದೂರ, ಸುಮಾರು 32 ಸಾವಿರ ಜ್ಯೋತಿರ್ವರ್ಷ. ಆದರೂ ಪೇಟೆಯಿಂದ ಎಂ 4 ಕಾಣದ ರಾತ್ರಿ ಎಂ 80 ಕಾಣುವುದುಂಟು, ಯಾಕೆಂದರೆ ಬೆಳಕು ಒತ್ತೊತ್ತಾಗಿದೆ. ಕಡಿಮೆ ವರ್ಧನೆಯಲ್ಲಿ ಫೋಕಸ್ ಸರಿಯಾಗದ ನಕ್ಷತ್ರ ಅನ್ನಿಸುತ್ತದೆ, ಅದನ್ನು ದಾಟಿ ಮುಂದೆ ಹೋಗಿಬಿಡುತ್ತೀರಿ, ಹುಷಾರು. 8 ಇಂಚಿನಲ್ಲೂ ಅಂಚು ಮಾತ್ರ ಕಾಳುಕಾಳಾಗಿ ಕಂಡೀತು.

1860ರ ಮೇ ತಿಂಗಳಲ್ಲಿ ಆವರ್ಸ್ ಎಂಬ ಜರ್ಮನ್ ಖಗೋಳಜ್ಞನಿಗೆ ಇದರ ನಡುವೆ ಒಂದು ನೋವಾ, ಅಂದರೆ ಇದ್ದಕ್ಕಿದ್ದಂತೆ ಹೊಳಪು ಏರಿದ ನಕ್ಷತ್ರ, ಕಂಡಿತು. ಕೆಲವು ದಿನ ಆ ಒಂದು ನಕ್ಷತ್ರ ಇಡೀ ಗುಚ್ಛಕ್ಕಿಂತ ಜಾಸ್ತಿ ಬೆಳಗಿತು. ಹಾಗಾಗಿ ಎಂ 80 ನೋಡಿದಾಗಲೆಲ್ಲ ನಡುವೆ ಏನಾದರೂ ಹೊಸದಿದೆಯಾ ಅಂತ ಒಂದು ಕಣ್ಣಿಡುವ ಚಟ ನನಗಿದೆ. ಇಲ್ಲಿಯವರೆಗೆ ಏನೂ ಇಲ್ಲ.

ಬಾಲದ ಕಡೆ ಹೋಗಬೇಕು ಅಂತೀರಲ್ಲ, ಅಲ್ಲಿ ಏನಿದೆ?

ನಮ್ಮ ಪಾಲಿನ ಸಂಪತ್ತೆಲ್ಲ ಅಲ್ಲಿದೆ. ಜ್ಯೇಷ್ಠಾದಿಂದ ಬೆನ್ನಿನ ನಕ್ಷತ್ರಗಳನ್ನು ಹಿಡಿದು ಕೆಳಗೆ ಬನ್ನಿ. ದಾರಿಯಲ್ಲಿ ಮ್ಯೂ ಅನ್ನುವ ಜೋಡಿ ಸಿಗುತ್ತದೆ, ಕಣ್ಣು ಚುರುಕಾಗಿದ್ದರೆ ಬರಿಗಣ್ಣಿಗೇ ಎರಡಾಗಿ ಕಾಣುತ್ತದೆ. ಇನ್ನೂ ಕೆಳಗೆ, ಬಾಲ ಎಡಕ್ಕೆ ತಿರುಗುವ ಮೂಲೆಯಲ್ಲಿ ಝೀಟಾ. ಅದೂ ಜೋಡಿ, ಒಂದು ಕಿತ್ತಳೆ, ಒಂದು ನೀಲಿ. ಪಕ್ಕಪಕ್ಕ ಕಂಡರೂ ಎರಡಕ್ಕೂ ಸಂಬಂಧವಿಲ್ಲ. ಕಿತ್ತಳೆಯದು ಸುಮಾರು 130 ಜ್ಯೋತಿರ್ವರ್ಷ ದೂರ, ನೀಲಿಯದು ಸಾವಿರಾರು ಜ್ಯೋತಿರ್ವರ್ಷ ಆಚೆ.

ಈ ಝೀಟಾದಿಂದ ಅರ್ಧ ಡಿಗ್ರಿ ಉತ್ತರಕ್ಕೆ ಎನ್‌ಜಿಸಿ 6231 ಅನ್ನುವ ಗುಚ್ಛ ಇದೆ (ಎನ್‌ಜಿಸಿ ಅಂದರೆ ಮೆಸಿಯೇ ಪಟ್ಟಿಗಿಂತ ದೊಡ್ಡದಾದ ಇನ್ನೊಂದು ಪಟ್ಟಿ). ಬರೀ ಕೆಲವು ದಶಲಕ್ಷ ವರ್ಷ ವಯಸ್ಸಿನ ನಕ್ಷತ್ರಗಳು, ಎಲ್ಲವೂ ಬಿಸಿ, ಎಲ್ಲವೂ ನೀಲಿ ಛಾಯೆ, ಒಂದೇ ಕಡೆ ಒತ್ತಿಕೊಂಡಿವೆ. ದೂರ 5000 ಜ್ಯೋತಿರ್ವರ್ಷದ ಮೇಲೆ. ಅದರ ಮೇಲಿನಿಂದ ಇನ್ನೊಂದು ಚದುರಿದ ಗುಚ್ಛ ಶುರುವಾಗಿ ಉತ್ತರಕ್ಕೆ ಹರಡುತ್ತದೆ. ಝೀಟಾ, 6231, ಈ ಚದುರಿದ ಗುಚ್ಛ ಮೂರೂ ಸೇರಿ ಬರಿಗಣ್ಣಿಗೆ ತಲೆ ಮತ್ತು ಬಾಲ ಇರುವ ಧೂಮಕೇತುವಿನ ಹಾಗೆ ಕಾಣುತ್ತವೆ. ಅದಕ್ಕೇ ಇದಕ್ಕೆ ಸುಳ್ಳು ಧೂಮಕೇತು ಅನ್ನುವುದು. ಸಿಸಿಲಿಯ ಹೊಡಿಯರ್ನಾ 1654ಕ್ಕೆ ಮುಂಚೆಯೇ ಇದನ್ನು ಕಂಡಿದ್ದ. ಪ್ಯಾರಿಸ್‌ನಲ್ಲಿ ಹುಟ್ಟುವುದಿಲ್ಲವಾದ್ದರಿಂದ ಮೆಸಿಯೇ ಪಟ್ಟಿಯಲ್ಲಿ ಇದಿಲ್ಲ. ನಮಗೆ 34 ಡಿಗ್ರಿ ಎತ್ತರದಲ್ಲಿ ಇದೆ. ದಕ್ಷಿಣಕ್ಕೆ ಅಡಿಕೆ ತೋಟ ಅಡ್ಡ ಇಲ್ಲದಿದ್ದರೆ ಸಾಕು.

ಝೀಟಾದಿಂದ ಪಶ್ಚಿಮಕ್ಕೆ ಐದೂವರೆ ಡಿಗ್ರಿ ಹೋದರೆ ಎನ್‌ಜಿಸಿ 6124. ಫ್ರಾನ್ಸಿನ ಲಕಾಯ್ 1750ರ ದಶಕದ ಶುರುವಿನಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಗೆ ಹೋಗಿ ದಕ್ಷಿಣದ ಆಕಾಶ ಅಳೆದನಲ್ಲ, ಆಗ ಅವನಿಗೆ ಸಿಕ್ಕಿದ್ದು ಇದು. ಅಗಲವಾದ, ಮೆದು ಗುಚ್ಛ. ಪೇಟೆಯಿಂದ ಕಷ್ಟ. ಕತ್ತಲಿದ್ದರೆ ಬೈನಾಕ್ಯುಲರ್‌ಗೇ ಸಿಗುತ್ತದೆ. ಇದನ್ನು ನೋಡಿದವರು ಕಡಿಮೆ, ಎಲ್ಲರೂ 6231ರಲ್ಲೇ ನಿಂತುಬಿಡುತ್ತಾರೆ.

ನೀಹಾರಿಕೆ ಬೇಕು. ಬರೀ ನಕ್ಷತ್ರ ಸಾಕಾಯ್ತು.

ವೃಶ್ಚಿಕ ನೀಹಾರಿಕೆಗಳ ರಾಶಿ ಅಂತ ಫೋಟೋ ನೋಡಿದವರು ನಂಬಿರುತ್ತಾರೆ. ಜ್ಯೇಷ್ಠಾದ ಸುತ್ತ ಹಳದಿ, ನೀಲಿ, ಕೆಂಪು ಮೋಡಗಳ ಫೋಟೋ ಎಲ್ಲ ಕಡೆ ಓಡಾಡುತ್ತಿರುತ್ತದೆ. ಅದು ಗಂಟೆಗಟ್ಟಲೆ ಬೆಳಕು ಕೂಡಿಸಿ ಮಾಡಿದ್ದು, ಕಣ್ಣಿಗೆ ಆ ಮೋಡ ಸಿಗುವುದಿಲ್ಲ. ಬಾಲದ ಹತ್ತಿರದ ಬೆಕ್ಕಿನ ಪಂಜದ ನೀಹಾರಿಕೆಯದೂ ಅದೇ ಕಥೆ.

ಕಣ್ಣಿಗೆ ಸಿಗುವುದು ಎನ್‌ಜಿಸಿ 6302. ಶೌಲಾದಿಂದ ನೇರ ಪಶ್ಚಿಮಕ್ಕೆ ನಾಲ್ಕು ಡಿಗ್ರಿ. ಸಾಯುತ್ತಿರುವ ನಕ್ಷತ್ರವೊಂದು ತನ್ನ ಹೊರಪದರವನ್ನು ಎರಡು ಕಡೆ ಚೆಲ್ಲಿಕೊಂಡಿರುವುದು. ನಡುವಿನ ನಕ್ಷತ್ರದ ಉಷ್ಣತೆ 2 ಲಕ್ಷ ಡಿಗ್ರಿಗೂ ಮೇಲೆ. 130 ಮಿಲಿಮೀಟರ್‌ನಲ್ಲಿ ಉದ್ದನೆಯ ಒಂದು ಸಣ್ಣ ಗೀಟು. 8 ಇಂಚಿನಲ್ಲಿ 150 ಪಟ್ಟಿಗೆ ಏರಿಸಿದರೆ ನಡುವೆ ಹೊಳಪು, ಎರಡೂ ಕಡೆ ತೆಳುವಾಗುತ್ತಾ ಹೋಗುವ ರೆಕ್ಕೆ. ತೀರಾ ಚಿಕ್ಕದು, ಹಾಗಾಗಿ ವರ್ಧನೆ ಏರಿಸಲು ಹೆದರಬೇಡಿ. ಈ ಒಂದು ವಸ್ತುವಿಗೆ ಯುಎಚ್‌ಸಿ ಅಥವಾ ಒ-3 ಫಿಲ್ಟರ್ (ನೀಹಾರಿಕೆಯ ಬೆಳಕನ್ನು ಬಿಟ್ಟು ಉಳಿದದ್ದನ್ನು ತಡೆಯುವ ಗಾಜು) ಹಾಕಿದರೆ ಪ್ರಯೋಜನ ಇದೆ. ಗುಚ್ಛಗಳಿಗೆ ಆ ಫಿಲ್ಟರ್ ದಂಡ, ನಕ್ಷತ್ರದ ಬೆಳಕನ್ನೇ ತಿಂದುಹಾಕುತ್ತದೆ.

ಬಣ್ಣ ಯಾಕೆ ಕಾಣುವುದಿಲ್ಲ? ನನ್ನ ಟೆಲಿಸ್ಕೋಪ್ ಕೆಟ್ಟಿದೆಯಾ?

ಇಲ್ಲ. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ಗೊತ್ತಾಗುವುದಿಲ್ಲ, ಬೂದಿ ಬಣ್ಣ ಒಂದೇ. ಎಷ್ಟು ದುಡ್ಡು ಸುರಿದರೂ ಹಾಗೇ. ನಕ್ಷತ್ರಗಳ ಬಣ್ಣ ಮಾತ್ರ ಚೆನ್ನಾಗಿ ಕಾಣುತ್ತದೆ.

ಜ್ಯೇಷ್ಠಾದ ಜೊತೆಗಾರ ನಕ್ಷತ್ರ ನಮ್ಮ ಟೆಲಿಸ್ಕೋಪಿನಲ್ಲಿ ಕಂಡೀತಾ?

ಕಂಡರೂ ಕಂಡೀತು. ಎರಡೂವರೆ ಸೆಕೆಂಡ್ ಚಿಲ್ಲರೆ ಅಂತರ, ಅದು ಕೋನದ ಸೆಕೆಂಡು, ಅಂದರೆ ಒಂದು ಡಿಗ್ರಿಯ 3600ರಲ್ಲಿ ಒಂದು ಭಾಗ. ಜೊತೆಗಾರನ ಕಾಂತಿಮಾನ ಐದೂವರೆ, ಆದರೆ ಜ್ಯೇಷ್ಠಾದ ಪ್ರಭೆಯಲ್ಲಿ ಮುಳುಗಿಹೋಗಿರುತ್ತದೆ. 1819ರಲ್ಲಿ ಇದನ್ನು ಮೊದಲು ಕಂಡದ್ದು ಚಂದ್ರ ಜ್ಯೇಷ್ಠಾವನ್ನು ಮರೆ ಮಾಡಿದಾಗ. 6 ಇಂಚು ಅಥವಾ ಮೇಲಿನದು ಬೇಕು, 200 ಪಟ್ಟು ಬೇಕು, ಕೊಲಿಮೇಶನ್ (ಕನ್ನಡಿಗಳ ಹೊಂದಾಣಿಕೆ) ಸರಿಯಿರಬೇಕು, ಗಾಳಿ ಸ್ತಬ್ಧವಾಗಿರಬೇಕು. ಕೊನೆಯದು ಮುಖ್ಯ. ನಕ್ಷತ್ರ ಕುದಿಯುತ್ತಿದ್ದರೆ ಅವತ್ತು ಬಿಡಿ. ಅದರ ಬದಲು ಅನೂರಾಧಾದ ಉತ್ತರದ ನಕ್ಷತ್ರಕ್ಕೆ ತಿರುಗಿಸಿ. ಅದು 13 ಸೆಕೆಂಡಿನ ಅಂತರದ ಜೋಡಿ, ಎಂಥ ಟೆಲಿಸ್ಕೋಪಿನಲ್ಲೂ ಒಡೆಯುತ್ತದೆ.

ಶಿವಮೊಗ್ಗ ಪೇಟೆಯ ತಾರಸಿಯಿಂದ ಏನಾದರೂ ಕಾಣುತ್ತದಾ?

ಎಂ 7, ಎಂ 6, ಎನ್‌ಜಿಸಿ 6231, ಎಂ 80, ಜೋಡಿ ನಕ್ಷತ್ರಗಳು. ಎಂ 4 ಕಷ್ಟ. ಭದ್ರಾವತಿ ಶಿವಮೊಗ್ಗದ ಆಗ್ನೇಯಕ್ಕಿದೆ. ವೃಶ್ಚಿಕ ಹುಟ್ಟುವುದೂ ಅದೇ ಕಡೆ. ಹಾಗಾಗಿ ಪೇಟೆಯಲ್ಲಿದ್ದವರು ಅದು ದಕ್ಷಿಣಕ್ಕೆ ಸರಿಯುವವರೆಗೆ ಕಾಯುವುದು ಒಳ್ಳೆಯದು. ನಡುರಾತ್ರಿ ದಾಟಿದ ಮೇಲೆ ಅಂಗಡಿ, ಮನೆಗಳ ದೀಪ ಆರಿ ಆಕಾಶ ಸ್ವಲ್ಪ ಸುಧಾರಿಸುತ್ತದೆ.

ಒಳ್ಳೆಯ ಜಾಗ ಯಾವುದು? ಆಗುಂಬೆಗೆ ಹೋಗೋಣವಾ?

ಕತ್ತಲೆ ಅಂದ ತಕ್ಷಣ ಎಲ್ಲರಿಗೂ ಆಗುಂಬೆ, ಕೊಡಚಾದ್ರಿ, ಕುಂದಾದ್ರಿ ನೆನಪಾಗುತ್ತದೆ. ಕತ್ತಲೆ ಇದೆ, ನಿಜ. ಆದರೆ ಘಟ್ಟದ ಅಂಚಿನಲ್ಲಿ ಕರಾವಳಿಯ ತೇವದ ಗಾಳಿ ಮೇಲೇರಿ ಬಂದು ಅಲ್ಲೇ ಮಂಜಾಗುತ್ತದೆ. ಹತ್ತು ಗಂಟೆಗೆ ಶುಭ್ರವಾಗಿದ್ದ ಆಕಾಶ ಎರಡು ಗಂಟೆಗೆ ಮಂಜಿನೊಳಗೆ ಹೋಗಿಬಿಡಬಹುದು, ಮತ್ತು ನಮಗೆ ಬೇಕಾಗಿರುವುದು ಆ ಎರಡು ಗಂಟೆಯೇ. ಬೆಟ್ಟದ ನೆತ್ತಿಯಲ್ಲಿ ಗಾಳಿಗೆ ಟೆಲಿಸ್ಕೋಪ್ ನಡುಗುವುದು ಬೇರೆ. ಮೇಲೆ ರಾತ್ರಿ ಇರಲು ಅರಣ್ಯ ಇಲಾಖೆಯ ನಿಯಮಗಳೂ ಇವೆ. ನನ್ನನ್ನು ಕೇಳಿದರೆ ಅಂಚಿನಿಂದ ಪೂರ್ವಕ್ಕೆ ಸರಿದು ಬನ್ನಿ. ಸೊರಬ, ಶಿಕಾರಿಪುರ ಕಡೆಯ ಬಯಲು, ಸಾಗರದ ಪೂರ್ವದ ಹಳ್ಳಿಗಳು ಮಾರ್ಚ್, ಏಪ್ರಿಲ್‌ನಲ್ಲಿ ಹೆಚ್ಚು ನಂಬಿಕಸ್ಥ.

ಜಾಗ ಆರಿಸುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ದಕ್ಷಿಣ ತೆರೆದಿದೆಯಾ? ಮಲೆನಾಡಿನ ಮನೆಯಂಗಳದಲ್ಲಿ ನಿಂತರೆ ಒಂದು ಕಡೆ ಗುಡ್ಡ, ಇನ್ನೊಂದು ಕಡೆ ತೋಟ, ತಲೆಯ ಮೇಲೆ ಬೋಗುಣಿಯಷ್ಟು ಆಕಾಶ. 30 ಡಿಗ್ರಿಯ ಬಾಲಕ್ಕೆ ಅದು ಸಾಲದು. ಕೊಯ್ಲಾದ ಗದ್ದೆಬಯಲು, ಕೆರೆ ಏರಿ, ಬ್ಯಾಣ (ಹುಲ್ಲುಗಾವಲು) ಒಳ್ಳೆಯದು. ಲಿಂಗನಮಕ್ಕಿ ಹಿನ್ನೀರು ಬೇಸಿಗೆಯಲ್ಲಿ ಇಳಿದು ಬಯಲು ಬಿಟ್ಟುಕೊಡುತ್ತದೆ, ನೀರು ದಕ್ಷಿಣಕ್ಕೆ ಬರುವಂತೆ ದಂಡೆ ಆರಿಸಿದರೆ ಎದುರಿಗೆ ಮರ ಇಲ್ಲ, ದೀಪ ಇಲ್ಲ. ಇಬ್ಬನಿ ಮಾತ್ರ ಜಾಸ್ತಿ.

ಇನ್ನೊಂದು ವಿಷಯ. ಅಪರಾತ್ರಿಯಲ್ಲಿ ಕಾಡಿನ ಅಂಚಿನಲ್ಲಿ ಉದ್ದನೆಯ ಕೊಳವೆ ಹಿಡಿದು, ಕೆಂಪು ಟಾರ್ಚ್ ಹಾಕಿಕೊಂಡು ಓಡಾಡುವವರನ್ನು ಕಂಡರೆ ಊರವರು ಶಿಕಾರಿಯವರು ಅಂದುಕೊಳ್ಳುತ್ತಾರೆ. ಅಂದುಕೊಳ್ಳಲೇಬೇಕು ಕೂಡ. ಹಗಲಿನಲ್ಲೇ ಹೋಗಿ ಗದ್ದೆಯವರಿಗೆ ಹೇಳಿ ಬನ್ನಿ, ಅವರಿಗೂ ಒಂದು ಸಲ ತೋರಿಸಿ. ಜಾಗಕ್ಕೆ ಹಂದಿ, ಕಾಟಿಗೆ ಹಾಕಿದ ಐಬೆಕ್ಸ್ ಬೇಲಿ, ಅಂದರೆ ಕರೆಂಟಿನ ಬೇಲಿ, ಎಲ್ಲಿದೆ ಅಂತ ಅವರೇ ಹೇಳುತ್ತಾರೆ, ಅದನ್ನು ಕತ್ತಲಲ್ಲಿ ಮುಟ್ಟಿ ತಿಳಿದುಕೊಳ್ಳುವುದು ಬೇಡ.

ಇಬ್ಬನಿಗೆ ಏನು ಮಾಡುವುದು?

ಮೂರು ಗಂಟೆ ಹೊತ್ತಿಗೆ ಕೊಳವೆಯ ಮೇಲೆ ನೀರು ಹರಿಯುತ್ತಿರುತ್ತದೆ. ಲೆನ್ಸ್ ಇರುವ ಟೆಲಿಸ್ಕೋಪ್ ಆದರೆ ಮುಂದಿನ ಗಾಜಿನ ಮೇಲೆ ಮಂಜು ಕಟ್ಟಿ ಒಂದೊಂದೇ ನಕ್ಷತ್ರ ಮಾಯವಾಗುತ್ತದೆ. ಆಕಾಶಕ್ಕೆ ಮೋಡ ಬಂತು ಅಂತ ಬಾಯಿ ಬಡಿದುಕೊಳ್ಳುವ ಮುಂಚೆ ಗಾಜಿಗೆ ಟಾರ್ಚ್ ಬಿಟ್ಟು ನೋಡಿ.

ಇಬ್ಬನಿ ಕವಚ ದುಡ್ಡು ಕೊಟ್ಟು ತರಬೇಡಿ. ದೊಡ್ಡದೊಂದು ಅಡಿಕೆ ಹಾಳೆ ಆರಿಸಿ, ನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಿ, ಕೊಳವೆಗೆ ಸುತ್ತಿ ದಾರ ಬಿಗಿದು ಒಣಗಲು ಬಿಡಿ. ಒಳಗಡೆಗೆ ಕಪ್ಪು ಕಾಗದ ಅಂಟಿಸಿ. ಗಾಜಿನಿಂದ ಮುಂದಕ್ಕೆ ಕೊಳವೆಯ ಅಗಲದ ಒಂದೂವರೆ ಪಟ್ಟು ಚಾಚಿರಲಿ. ಹಾಳೆ ಹಗುರ, ಸಮತೋಲ ಕೆಡಿಸುವುದಿಲ್ಲ. ಕಟ್ಟಿದ ಮಂಜನ್ನು ಬಟ್ಟೆಯಿಂದ ಒರೆಸಲೇಬೇಡಿ, ಗೀರು ಬೀಳುತ್ತದೆ. ಐಪೀಸುಗಳು ಅಂಗಿಯ ಜೇಬಿನಲ್ಲಿರಲಿ, ಮೈಶಾಖಕ್ಕೆ ಮಂಜು ಹಿಡಿಯುವುದಿಲ್ಲ.

ಮಳೆಗಾಲದಲ್ಲಿ ಟೆಲಿಸ್ಕೋಪ್ ಹೇಗೆ ಇಡುವುದು?

ಲೆನ್ಸಿಗೆ ಬೂಷ್ಟು ಹಿಡಿಯುವುದು ಮಲೆನಾಡಿನಲ್ಲಿ ಖಂಡಿತ. ಒಮ್ಮೆ ಹಿಡಿದರೆ ಗಾಜಿನ ಲೇಪವನ್ನೇ ತಿನ್ನುತ್ತದೆ. ಐಪೀಸ್, ಬೈನಾಕ್ಯುಲರ್ ಎಲ್ಲ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಜೆಲ್ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ. ದೊಡ್ಡ ಕೊಳವೆಯನ್ನು ಚರ್ಮದ ಅಥವಾ ಬಟ್ಟೆಯ ಚೀಲದಿಂದ ಹೊರಗೆ ತೆಗೆದು, ಅಡುಗೆಮನೆ ಪಕ್ಕದ ಬೆಚ್ಚಗಿನ ಕೋಣೆಯಲ್ಲಿ ಇಡಿ. ಹೊಗೆ ತಾಗಬಾರದು. ಬಿಸಿಲು ಬಂದ ದಿನ ಮುಚ್ಚಳ ತೆಗೆದು ನೆರಳಲ್ಲಿ ಗಾಳಿಗೆ ಇಡಿ, ನೇರ ಬಿಸಿಲಿಗೆ ಬೇಡ.

ಮೊಬೈಲ್‌ನಲ್ಲಿ ಫೋಟೋ ತೆಗೆಯಬಹುದಾ?

ಎಂ 7, ಎಂ 6 ಬರುತ್ತವೆ, ಮೊಬೈಲನ್ನು ಐಪೀಸಿಗೆ ಹಿಡಿಸುವ ಕ್ಲ್ಯಾಂಪ್ ಇದ್ದರೆ. ಟೆಲಿಸ್ಕೋಪೇ ಇಲ್ಲದೆ ಮೊಬೈಲನ್ನು ಸ್ಟ್ಯಾಂಡಿಗೆ ಹಾಕಿ ನೈಟ್ ಮೋಡ್‌ನಲ್ಲಿ ಇಡೀ ಚೇಳನ್ನು ತೆಗೆದರೆ ಇನ್ನೂ ಚೆನ್ನಾಗಿ ಬರುತ್ತದೆ. ಆದರೆ ಮೊಬೈಲ್ ಪರದೆ ನೋಡಿದ ಪ್ರತಿ ಸಲ ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಮತ್ತೆ 20-30 ನಿಮಿಷ ಬೇಕು. ನೋಡುವ ರಾತ್ರಿ, ಫೋಟೋದ ರಾತ್ರಿ ಬೇರೆಬೇರೆ ಇಟ್ಟುಕೊಳ್ಳಿ.

ಇದೆಲ್ಲ ನೋಡಿ ಆಯ್ತು. ಇನ್ನೇನಿದೆ?

8 ಇಂಚು ಇದ್ದವರಿಗೆ ಇನ್ನೂ ಕೆಲಸ ಇದೆ. ಜ್ಯೇಷ್ಠಾದಿಂದ ಮುಕ್ಕಾಲು ಡಿಗ್ರಿಯೊಳಗೆ, ವಾಯವ್ಯಕ್ಕೆ, ಎನ್‌ಜಿಸಿ 6144 ಅನ್ನುವ ಮಸುಕು ಗೋಳಗುಚ್ಛ ಇದೆ. ಜ್ಯೇಷ್ಠಾವನ್ನು ಐಪೀಸಿನ ಹೊರಗೆ ಇಟ್ಟರೆ ಮಾತ್ರ ಕಾಣುತ್ತದೆ. ಎಂ 7ರ ಪಶ್ಚಿಮ ಅಂಚಿನಲ್ಲಿ ಎನ್‌ಜಿಸಿ 6453 ಅಂತ ಇನ್ನೊಂದು, ಗುಚ್ಛದ ಹೊಳಪಿನ ಹಿಂದೆ ಸಾವಿರಾರು ಜ್ಯೋತಿರ್ವರ್ಷ ಆಚೆ ಇರುವುದು. ಬಾಲದ ಅತಿ ಕೆಳಗಿನ ತಿರುವಿನ ಹತ್ತಿರ ಎನ್‌ಜಿಸಿ 6388 ಇದೆ, ಎಂ 80ಗಿಂತಲೂ ಸ್ವಲ್ಪ ಹೊಳಪಿನ ಗೋಳಗುಚ್ಛ, ಆದರೆ ದಕ್ಷಿಣದಲ್ಲಿ 31 ಡಿಗ್ರಿ ಮಾತ್ರ ಏರುತ್ತದೆ. ಏಪ್ರಿಲ್ ಮಧ್ಯದಲ್ಲಿ ಇದು ನೇರ ದಕ್ಷಿಣಕ್ಕೆ ಬರುವಾಗ ಬೆಳಗಿನ ಜಾವ ನಾಲ್ಕೂವರೆ, ಐದು ದಾಟಿದರೆ ಬೆಳಕು ಹರಿಯಲು ಶುರು. ಹಾಗಾಗಿ ಅವತ್ತು ಮಾತ್ರ ಎಂ 4ರಲ್ಲಿ ಕಾಲ ಕಳೆಯದೆ ನೇರ ಬಾಲಕ್ಕೆ ಹೋಗಿ.